ಕರುಳಿನ ತುಂಡಿನ ಜೊತೆ ಎಂ.ಫಾರ್ಮ್

ದೇಹದಿಂದ ಬೇರೆ ಮಾಡಿದ ಮೇಲೂ ಕರುಳಿನ ತುಂಡು ಗಂಟೆಗಟ್ಟಲೆ ಬದುಕಿರುತ್ತದೆ. ಬೆಚ್ಚಗಿರಬೇಕು, ಉಪ್ಪು ಸಕ್ಕರೆ ಅಳತೆಯಲ್ಲಿರಬೇಕು, ಆಮ್ಲಜನಕ ಗುಳುಗುಳು ಅಂತ ಬರುತ್ತಿರಬೇಕು. ಅಷ್ಟಿದ್ದರೆ ಅದು ತನ್ನ ಪಾಡಿಗೆ ತಾನು ಕುಗ್ಗುತ್ತ ಸಡಿಲವಾಗುತ್ತ ಇರುತ್ತದೆ. ಮಿದುಳೂ ಬೇಡ, ಹೃದಯವೂ ಬೇಡ. 1904ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ರುಡಾಲ್ಫ್ ಮ್ಯಾಗ್ನಸ್ ಇದನ್ನು ಮಾಡಿ ತೋರಿಸಿದರು. ಅವರ ಉಪಕರಣ ಹೆಚ್ಚೂಕಡಿಮೆ ಹಾಗೇ ಉಳಿದುಕೊಂಡು ನಮ್ಮ ಕಾಲೇಜಿನ ಫಾರ್ಮಕಾಲಜಿ ಲ್ಯಾಬಿಗೂ ಬಂದಿತ್ತು. ಆರ್ಗನ್ ಬಾತ್ ಅಂತಾರೆ. ಎಂ.ಫಾರ್ಮ್ ಎರಡನೇ ವರ್ಷದ ಬಹುಪಾಲು ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂತೇ ಕಳೆಯಿತು.

ನಮ್ಮ ಬ್ಯಾಚಿನಲ್ಲಿ ಬಹಳಷ್ಟು ಜನ ಗಿಡಮೂಲಿಕೆ ಹಿಡಿದಿದ್ದರು. ದಾಳಿಂಬೆ ಸಿಪ್ಪೆ, ಬಿಲ್ವದ ಕಾಯಿ, ಸೀಬೆ ಎಲೆ. ಸಾರ ತೆಗೆಯುವುದು, ಇಲಿಗೆ ಕುಡಿಸುವುದು, ಭೇದಿ ಕಡಿಮೆಯಾಯಿತು ಅಂತ ಬರೆಯುವುದು. ನಾನೂ ಅದೇ ದಾರಿ ಹಿಡಿಯುವವಳಿದ್ದೆ. ಗೈಡ್ ತಡೆದರು. "ಭೇದಿ ನಿಲ್ತು, ಸರಿ. ಕರುಳು ಅಲುಗೋದು ಕಡಿಮೆಯಾಗಿ ನಿಲ್ತಾ, ನೀರು ಸುರಿಯೋದು ಕಡಿಮೆಯಾಗಿ ನಿಲ್ತಾ? ಅವು ಬೇರೆಬೇರೆ ಕೆಲಸ ಕಣಮ್ಮ. ಮೊದಲು ಅದನ್ನ ನೋಡು, ಎಲೆ ಆಮೇಲೆ ಅರೆಯೋಣ" ಅಂದರು. ಎಲೆ ಕೊನೆಗೂ ಅರೆಯಲಿಲ್ಲ. ಈ ಪ್ರಶ್ನೆಯೇ ಥೀಸಿಸ್ ಆಯಿತು.

ಪ್ರಶ್ನೆ ಸುಲಭ ಅನ್ನಿಸುತ್ತದೆ, ಆದರೆ ಕರುಳಿನ ಒಳಗೆ ನಡೆಯುವ ನೀರಿನ ಲೆಕ್ಕ ನೋಡಿದರೆ ತಲೆ ತಿರುಗುತ್ತದೆ. ದಿನಕ್ಕೆ ಹತ್ತಿರ ಹತ್ತಿರ 8ರಿಂದ 9 ಲೀಟರ್ ದ್ರವ ಸಣ್ಣಕರುಳಿಗೆ ಬರುತ್ತದೆ. ನಾವು ಕುಡಿದು ತಿಂದದ್ದು ಅದರಲ್ಲಿ 2 ಲೀಟರ್ ಅಷ್ಟೇ. ಉಳಿದದ್ದೆಲ್ಲ ಜೊಲ್ಲು, ಜಠರದ ರಸ, ಪಿತ್ತ, ಮೇದೋಜೀರಕದ ರಸ, ಕರುಳು ತಾನೇ ಬಿಡುವ ನೀರು. ಹೊರಗೆ ಹೋಗುವುದು 100ರಿಂದ 200 ಮಿಲಿ ಮಾತ್ರ. ಮಿಕ್ಕಿದ್ದನ್ನೆಲ್ಲ ಕರುಳು ವಾಪಸ್ ಹೀರಿಕೊಳ್ಳುತ್ತದೆ. ಈ ಕಡೆ ನೀರು ಬಿಡುವ, ಹೀರುವ ಒಳಪದರದ ಕೋಶಗಳು. ಆ ಕಡೆ ನೂಕುವ ಸ್ನಾಯು. ನಡುವೆ ನರಗಳ ಜಾಲ. ಈ ಮೂರರ ಮೇಲೂ ರಿಸೆಪ್ಟರ್‌ಗಳಿವೆ, ಅಂದರೆ ಹಾರ್ಮೋನಿನಂಥ ಸುದ್ದಿಗಾರರು ಬಂದು ಕೂರುವ ಜಾಗಗಳು. ಹಾರ್ಮೋನ್ ಬಂದು ಯಾವುದರ ಮೇಲಿರುವ ಯಾವ ರಿಸೆಪ್ಟರಿಗೆ ಕೂತಿತು ಅನ್ನುವುದರ ಮೇಲೆ ಮುಂದಿನದ್ದು ನಿಂತಿದೆ.

ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಎಷ್ಟು ಪ್ರಾಣಿ, ಯಾಕಷ್ಟು, ಅದಕ್ಕಿಂತ ಕಡಿಮೆಯಲ್ಲಿ ಯಾಕೆ ಆಗಲ್ಲ, ಎಲ್ಲ ಬರೆದು ಕೊಡಬೇಕು. ಬಿ.ಫಾರ್ಮ್ ಹುಡುಗರಿಗೆ ಈಗ ಪ್ರಾಣಿಗಳೇ ಸಿಗುವುದಿಲ್ಲ. ಪುದುಚೇರಿಯ ಜಿಪ್ಮರ್‌ನಲ್ಲಿ ರೂಪಿಸಿದ ಎಕ್ಸ್‌ಫಾರ್ಮ್ ಅನ್ನುವ ಸಾಫ್ಟ್‌ವೇರ್‌ನಲ್ಲೇ ಮೌಸ್ ಒತ್ತಿ ಗ್ರಾಫ್ ನೋಡುತ್ತಾರೆ. ಪಾಠಕ್ಕೆ ಅದು ಸಾಕು, ಸುಮ್ನೆ ಪ್ರಾಣಿ ಕೊಲ್ಲುವುದಕ್ಕಿಂತ ಸಾವಿರ ಪಾಲು ಮೇಲು. ನಮ್ಮ ಸಮಿತಿ ನನಗೆ ಒಂದು ಷರತ್ತು ಹಾಕಿತು. ಒಂದೇ ಗಿನಿಪಿಗ್‌ನಿಂದ ಎಷ್ಟು ತುಂಡು ಸಿಗುತ್ತದೋ ಅಷ್ಟನ್ನೂ ಬಳಸಬೇಕು, ಬೇರೆ ಯಾರಿಗಾದರೂ ಬೇರೆ ಅಂಗ ಬೇಕಿದ್ದರೆ ಅದೇ ದಿನ ಕೊಡಬೇಕು. ಹಾಗಾಗಿ ನನ್ನ ಪ್ರಯೋಗದ ದಿನ ಲ್ಯಾಬಿನಲ್ಲಿ ಇನ್ನಿಬ್ಬರು ಟ್ರೇ ಹಿಡಿದು ಕಾಯುತ್ತಿದ್ದರು. ಒಬ್ಬಳಿಗೆ ಶ್ವಾಸನಾಳ, ಒಬ್ಬನಿಗೆ ಹೃದಯ.

ಆ ದಿನ ಶುರುವಾಗುವುದು ಟೈರೋಡ್ ದ್ರಾವಣದಿಂದ, ತುಂಡನ್ನು ಬದುಕಿಸಿಡುವ ಉಪ್ಪು ಸಕ್ಕರೆ ನೀರು ಅದು. 1910ರ ಪಾಕವಿಧಾನ, ಇವತ್ತಿಗೂ ಅದೇ. ಒಂದು ಲೀಟರ್ ನೀರಿಗೆ ಸೋಡಿಯಂ ಕ್ಲೋರೈಡ್ 8 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.2, ಮೆಗ್ನೀಸಿಯಂ ಕ್ಲೋರೈಡ್ 0.1, ಬೈಕಾರ್ಬನೇಟ್ 1, ಫಾಸ್ಫೇಟ್ 0.05, ಗ್ಲೂಕೋಸ್ 1 ಗ್ರಾಂ. ಕ್ಯಾಲ್ಸಿಯಂ ಕ್ಲೋರೈಡ್ 0.2 ಗ್ರಾಂ ಮಾತ್ರ ಬೇರೆ ಬೀಕರಿನಲ್ಲಿ ಕರಗಿಸಿ, ಕೊನೆಗೆ, ಕಲಕುತ್ತ ನಿಧಾನವಾಗಿ ಸುರಿಯಬೇಕು. ಒಟ್ಟಿಗೇ ಹಾಕಿದರೆ ಬೈಕಾರ್ಬನೇಟಿನ ಜೊತೆ ಸೇರಿ ಹಾಲಿನ ಹಾಗೆ ಬೆಳ್ಳಗಾಗಿ ತಳ ಸೇರುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಸ್ನಾಯು ಎಳೆಯುವುದೇ ಇಲ್ಲ, ಯಾವ ಹಾರ್ಮೋನ್ ಹಾಕಿದರೂ ಅಷ್ಟೆ.

ಗಿನಿಪಿಗ್‌ನ ಸಣ್ಣಕರುಳಿನ ಕೊನೆಯ ಭಾಗ ಇಲಿಯಮ್. ಅದು ದೊಡ್ಡಕರುಳಿಗೆ ಸೇರುವ ಜಾಗದಿಂದ ಸುಮಾರು 10 ಸೆಂ.ಮೀ. ಬಿಟ್ಟು ಮುಂದಿನದನ್ನು ತೆಗೆದುಕೊಳ್ಳುತ್ತಾರೆ. ಪಿಪೆಟ್‌ನಿಂದ ಬೆಚ್ಚನೆಯ ಟೈರೋಡ್ ಹಾಯಿಸಿ ಒಳಗಿನದ್ದನ್ನು ತೊಳೆಯಬೇಕು. ಒತ್ತಿ ಹಿಂಡುವ ಹಾಗಿಲ್ಲ, ದ್ರಾವಣ ತಾನಾಗಿ ಹರಿದು ಹೋಗಬೇಕು. ಆಮೇಲೆ ಎರಡು ಮೂರು ಸೆಂ.ಮೀ. ತುಂಡು. ಎರಡು ತುದಿಗೂ ಸೂಜಿಯಲ್ಲಿ ದಾರ ಪೋಣಿಸುವಾಗ ಗೋಡೆಯ ಒಂದು ಬದಿಯನ್ನು ಮಾತ್ರ ಚುಚ್ಚಬೇಕು, ಕೊಳವೆಯ ಬಾಯಿ ಕಟ್ಟಿಹೋಗಬಾರದು. ಕೆಳಗಿನ ದಾರ ಗಾಜಿನ ಕೊಂಡಿಗೆ, ಮೇಲಿನ ದಾರ ಗೆರೆ ಎಳೆಯುವ ಸನ್ನೆಕಡ್ಡಿಗೆ, ಅಂದರೆ ಲಿವರ್‌ಗೆ. ತೂಕ ಅರ್ಧ ಗ್ರಾಮಿನಿಂದ ಒಂದು ಗ್ರಾಂ. ಅಲ್ಲಿಗೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಸುಮ್ನೆ ಕೂರಬೇಕು. ಹತ್ತು ನಿಮಿಷಕ್ಕೊಮ್ಮೆ ದ್ರಾವಣ ಬದಲಿಸುವುದು ಬಿಟ್ಟರೆ ಬೇರೆ ಕೆಲಸ ಇಲ್ಲ. ಮೊದಲು ಬಿಗಿದುಕೊಂಡಿದ್ದ ತುಂಡು ನಿಧಾನವಾಗಿ ಮೈ ಬಿಡುತ್ತದೆ.

ನಮ್ಮಲ್ಲಿ ಎಳೆತ ಅಳೆದು ಕಂಪ್ಯೂಟರಿಗೆ ಕೊಡುವ ಟ್ರಾನ್ಸ್‌ಡ್ಯೂಸರ್ ಒಂದೇ ಇತ್ತು, ಅದಕ್ಕೆ ಸರದಿ ಉದ್ದ. ಹಾಗಾಗಿ ಶುರುವಿನ ಕೆಲಸವೆಲ್ಲ ನಿಧಾನಕ್ಕೆ ತಿರುಗುವ ಹಳೇ ಡ್ರಮ್ಮಿನ ಮೇಲೆ. ಹೊಳಪು ಕಾಗದ ಸುತ್ತಿ, ಮಸಿ ಕಾರುವ ಉರಿಯ ಮೇಲೆ ತಿರುಗಿಸಿ ಕಪ್ಪು ಮಾಡಬೇಕು. ಲಿವರ್‌ನ ಮೊನೆ ಆ ಕಪ್ಪನ್ನು ಗೀರಿ ಬಿಳಿ ಗೆರೆ ಎಳೆಯುತ್ತದೆ. ಪ್ರಯೋಗ ಮುಗಿದ ಮೇಲೆ ಕಾಗದವನ್ನು ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಬೇಕು. ಅದಕ್ಕೂ ಮೊದಲು ಯಾರದ್ದಾದರೂ ದುಪಟ್ಟಾ ತಾಗಿದರೆ ದಿನದ ಕೆಲಸ ಒರೆಸಿಹೋಯಿತು ಅಂತಲೇ ಲೆಕ್ಕ. ಹಾಸ್ಟೆಲ್ಲಿಗೆ ಹೋಗುವಾಗ ಉಗುರಿನ ಸಂದಿಯಲ್ಲಿ, ಮೂಗಿನ ತುದಿಯಲ್ಲಿ ಮಸಿ. ಮೆಸ್ಸಿನವರಿಗೆ ಅಭ್ಯಾಸವಾಗಿತ್ತು.

ಮೊದಲು ಅಸಿಟೈಲ್‌ಕೋಲಿನ್, ನರ ಸ್ನಾಯುವಿಗೆ ಸುದ್ದಿ ಮುಟ್ಟಿಸಲು ಬಿಡುವ ರಾಸಾಯನಿಕ. ಸಿರಿಂಜಿನಿಂದ ಹನಿ ಬಿಟ್ಟ ಎರಡು ಮೂರು ಸೆಕೆಂಡಿನಲ್ಲಿ ಲಿವರ್ ಸಟಕ್ಕನೆ ಮೇಲೇಳುತ್ತದೆ. 30 ಸೆಕೆಂಡ್ ಬಿಟ್ಟು, ಡ್ರಮ್ ನಿಲ್ಲಿಸಿ, ಮೂರು ಸಲ ತೊಳೆದರೆ ಮತ್ತೆ ಕೆಳಗೆ. ಐದು ನಿಮಿಷದ ಚಕ್ರ. ಡೋಸ್ ಏರಿಸುತ್ತ ಹೋದರೆ ಗೆರೆಯೂ ಏರುತ್ತದೆ, ಒಂದು ಹಂತದ ಮೇಲೆ ಏರುವುದು ನಿಲ್ಲುತ್ತದೆ. ಸ್ನಾಯುವಿನ ಕೋಶದ ಮೇಲೆ ಎಂ3 ಅನ್ನುವ ಮಸ್ಕರಿನಿಕ್ ರಿಸೆಪ್ಟರ್ ಇದೆ. ಅಸಿಟೈಲ್‌ಕೋಲಿನ್ ಅದಕ್ಕೆ ಕೂತರೆ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಕ್ಯಾಲ್ಸಿಯಂ ಏರಿದರೆ ಸ್ನಾಯು ಎಳೆಯುತ್ತದೆ. ಮುಂದೆ ಅಲರ್ಜಿಯಾದಾಗ ದೇಹ ಬಿಡುವ ಹಿಸ್ಟಮಿನ್ ಹಾಕಿದೆ. ಅದೂ ಎಳೆಯಿತು, ಆದರೆ ಇದು ಎಚ್1 ರಿಸೆಪ್ಟರ್ ಮೂಲಕ. ಕಾಗದದ ಮೇಲೆ ಎರಡೂ ಗೆರೆ ಅಕ್ಕಪಕ್ಕ ಇಟ್ಟರೆ ಯಾವುದು ಯಾವುದರದ್ದು ಅಂತ ಹೇಳುವುದು ಕಷ್ಟ.

ಗೆರೆ ನೋಡಿ ಗೊತ್ತಾಗದ್ದನ್ನು ಹೇಳಬೇಕಾದ್ದು ತಡೆಯುವ ಔಷಧಿ. ಬಾತಿನಲ್ಲಿ ಚೂರೇ ಚೂರು ಅಟ್ರೋಪಿನ್ ಇಟ್ಟರೆ ಅಸಿಟೈಲ್‌ಕೋಲಿನ್ ಹಾಕಿದರೂ ಲಿವರ್ ಅಲುಗುವುದಿಲ್ಲ, ಹಿಸ್ಟಮಿನ್ ಹಾಕಿದರೆ ಮೊದಲಿನಂತೆಯೇ ಮೇಲೇಳುತ್ತದೆ. ಅಟ್ರೋಪಿನ್ ತೊಳೆದು ಮೆಪಿರಮಿನ್ ಇಟ್ಟರೆ ಎಲ್ಲ ತಿರುಗುಮುರುಗು. ನನಗೆ ರಿಸೆಪ್ಟರ್ ಅನ್ನುವುದು ಪುಸ್ತಕದಿಂದ ಎದ್ದು ಬಂದದ್ದು ಆವತ್ತು. ಅದೇ ತುಂಡು, ಅದೇ ಸ್ನಾಯು, ಎರಡು ಬೇರೆ ಬಾಗಿಲು. ಇನ್ನೂ ಹಾಕುತ್ತ ಹೋದರೆ ಅಟ್ರೋಪಿನ್ ಇದ್ದಾಗಲೂ ಅಸಿಟೈಲ್‌ಕೋಲಿನ್ ಗೆಲ್ಲುತ್ತದೆ, ಡೋಸ್ ಮಾತ್ರ ಜಾಸ್ತಿ ಬೇಕು. ಎಷ್ಟು ಜಾಸ್ತಿ ಅನ್ನುವುದನ್ನು ಅಳೆದರೆ ತಡೆಯುವ ಔಷಧಿಗೆ ಆ ರಿಸೆಪ್ಟರಿನ ಮೇಲೆ ಎಷ್ಟು ಹಿಡಿತ ಅಂತ ಗೊತ್ತಾಗುತ್ತದೆ. ಈ ಲೆಕ್ಕ 1959ರಲ್ಲಿ ಅರುಣಲಕ್ಷಣ ಮತ್ತು ಶೀಲ್ಡ್ ಬರೆದ ಪ್ರಬಂಧದ್ದು. ಹೆಸರು ಕೇಳಿ ನಮ್ಮ ಕಡೆಯವರೇ ಅಂದುಕೊಳ್ಳುತ್ತಾರೆ, ಆದರೆ ಅರುಣಲಕ್ಷಣ ಥಾಯ್ಲೆಂಡಿನವರು. ಮೆಪಿರಮಿನ್‌ಗೆ ಹಿಸ್ಟಮಿನ್ ರಿಸೆಪ್ಟರಿನ ಮೇಲೆ ಬರುವ ಪಿಎ2, ಅಂದರೆ ಆ ಹಿಡಿತದ ಅಂಕಿ, 9ರ ಆಸುಪಾಸು, ಅಸಿಟೈಲ್‌ಕೋಲಿನ್ ವಿರುದ್ಧ 5ರ ಹತ್ತಿರ. ಲಾಗ್ ಲೆಕ್ಕವಾದ್ದರಿಂದ ವ್ಯತ್ಯಾಸ ಹತ್ತು ಸಾವಿರ ಪಟ್ಟು.

ಇಲಿಯ ಇಲಿಯಮ್ ಹಾಕಿ ಹಿಸ್ಟಮಿನ್ ಬಿಟ್ಟರೆ ಇಷ್ಟೆಲ್ಲ ನಾಟಕ ಇಲ್ಲ. ಹೆಚ್ಚೇನೂ ಆಗುವುದಿಲ್ಲ. ಅದೇ ಅಂಗ, ಅದೇ ಕೆಲಸ, ಪ್ರಾಣಿ ಬೇರೆಯಾದರೆ ರಿಸೆಪ್ಟರ್ ಲೆಕ್ಕ ಬೇರೆ. ಮೋಟಿಲಿನ್ ಅಂತ ಒಂದು ಹಾರ್ಮೋನ್ ಇದೆ. ಮನುಷ್ಯರಲ್ಲಿ ಹೊಟ್ಟೆ ಖಾಲಿ ಇದ್ದಾಗ ಒಂದೂವರೆ ಎರಡು ಗಂಟೆಗೊಮ್ಮೆ ಜಠರದಿಂದ ಕರುಳಿನುದ್ದಕ್ಕೂ ಒಂದು ಅಲೆ ಎಬ್ಬಿಸಿ ಗುಡಿಸುವ ಕೆಲಸ ಅದರದ್ದು. ಎರಿತ್ರೋಮೈಸಿನ್ ಮಾತ್ರೆ ತಿಂದಾಗ ಹೊಟ್ಟೆ ನುಲಿಯುತ್ತದಲ್ವಾ, ಅದು ಬಹುಮಟ್ಟಿಗೆ ಮೋಟಿಲಿನ್ ರಿಸೆಪ್ಟರನ್ನು ಆ ಮಾತ್ರೆ ಕೆಣಕುವುದರಿಂದ. ಇಲಿ, ಸುಂಡಿಲಿಗಳಲ್ಲಿ ಮೋಟಿಲಿನ್ನೇ ಇಲ್ಲ. ಇಲಿಯಲ್ಲಿ ಸಿಕ್ಕಿದ್ದನ್ನೆಲ್ಲ ಮನುಷ್ಯರಿಗೆ ಅಂಟಿಸುವ ಪ್ರಬಂಧ ಓದುವಾಗ ನನಗೆ ಈಗಲೂ ಇದೇ ನೆನಪಾಗುವುದು.

ನಿಜವಾಗಿ ಬೆವರಿಳಿಸಿದ್ದು ಸೆರೊಟೋನಿನ್. ಮಿದುಳಿನ ರಾಸಾಯನಿಕ ಅಂತ ಎಲ್ಲರಿಗೂ ಗೊತ್ತು, ಆದರೆ ದೇಹದ ಸೆರೊಟೋನಿನ್‌ನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಇರುವುದು ಕರುಳಿನಲ್ಲಿ. ಒಳಪದರದಲ್ಲಿ ಎಂಟರೊಕ್ರೊಮಾಫಿನ್ ಅನ್ನುವ ಕೋಶಗಳಿವೆ. ಊಟ ಬಂದು ಗೋಡೆ ಉಜ್ಜಿದರೆ, ಹಿಗ್ಗಿಸಿದರೆ ಅವು ಸೆರೊಟೋನಿನ್ ಬಿಡುತ್ತವೆ. ಬಾತಿನಲ್ಲಿ ಹಾಕಿದರೆ ಇಲಿಯಮ್ ಎಳೆಯುತ್ತದೆ. ತೊಂದರೆ ಅಂದರೆ ಎರಡನೇ ಸಲ ಹಾಕಿದಾಗ ಅಷ್ಟು ಎಳೆಯುವುದಿಲ್ಲ. ಮೂರನೇ ಸಲ ಇನ್ನೂ ಕಡಿಮೆ. ರಿಸೆಪ್ಟರ್‌ಗಳು ದಣಿಯುತ್ತವೆ. ಐದು ನಿಮಿಷದ ಚಕ್ರ ಇಲ್ಲಿ ನಡೆಯುವುದಿಲ್ಲ, ಕಾಲು ಗಂಟೆ ಬಿಡಬೇಕು. ಆರು ಡೋಸಿನ ಒಂದು ಗ್ರಾಫಿಗೆ ಮಧ್ಯಾಹ್ನವೇ ಹೋಗುತ್ತದೆ.

ಮತ್ತೆ ಅಟ್ರೋಪಿನ್ ಇಟ್ಟು ನೋಡಿದರೆ ಗೆರೆ ಪೂರ್ತಿ ಹೋಗುವುದಿಲ್ಲ, ಪೂರ್ತಿ ಉಳಿಯುವುದೂ ಇಲ್ಲ. ಇದೇನು ಅಂತ ಗೈಡ್ ಹತ್ತಿರ ಹೋದಾಗ ಅವರು ನಕ್ಕು 1957ರ ಗ್ಯಾಡಮ್ ಮತ್ತು ಪಿಕರೆಲ್ಲಿ ಪ್ರಬಂಧ ಕೈಗಿತ್ತರು. ಅವರೂ ಇದೇ ಗಿನಿಪಿಗ್ ಇಲಿಯಮ್ ಕಟ್ಟಿಕೊಂಡು ಕೂತವರು. ಮಾರ್ಫಿನ್ ಹಾಕಿದರೆ ಸೆರೊಟೋನಿನ್‌ನ ಕೆಲಸ ಅರ್ಧ ಹೋಗುತ್ತದೆ, ಡೈಬೆಂಜಿಲಿನ್ ಹಾಕಿದರೆ ಇನ್ನರ್ಧ ಹೋಗುತ್ತದೆ. ಹಾಗಾದರೆ ರಿಸೆಪ್ಟರ್ ಎರಡು ಬಗೆ, ಒಂದು ನರದ ಮೇಲೆ, ಒಂದು ಸ್ನಾಯುವಿನ ಮೇಲೆ ಅಂತ ಅವರು ತೀರ್ಮಾನಿಸಿದರು. ಮೊದಲನೆಯದನ್ನು ಎಂ, ಎರಡನೆಯದನ್ನು ಡಿ ಅಂತ ಕರೆದರು. ಇವತ್ತು ಆ ಡಿ ಅನ್ನು 5-ಎಚ್‌ಟಿ2 ಅನ್ನುತ್ತಾರೆ, ಎಂ ಅನ್ನು ಹೆಚ್ಚಾಗಿ 5-ಎಚ್‌ಟಿ3. 5-ಎಚ್‌ಟಿ ಅಂದರೆ ಸೆರೊಟೋನಿನ್ನೇ. ನರದ ಮೇಲಿರುವುದಕ್ಕೆ ಸೆರೊಟೋನಿನ್ ಕೂತರೆ ನರ ಅಸಿಟೈಲ್‌ಕೋಲಿನ್ ಬಿಡುತ್ತದೆ, ಅದು ಹೋಗಿ ಸ್ನಾಯು ಎಳೆಯುತ್ತದೆ. ಅಟ್ರೋಪಿನ್ ಕಿತ್ತುಕೊಂಡದ್ದು ಈ ಪಾಲನ್ನು. ನಾನು ನರದ ಮೇಲಿನದನ್ನು ತಡೆಯುವ ಒಂಡಾನ್ಸೆಟ್ರಾನ್ ಇಟ್ಟು, ಸ್ನಾಯುವಿನ ಮೇಲಿನದನ್ನು ತಡೆಯುವ ಕೆಟಾನ್ಸರಿನ್ ಇಟ್ಟು, ಎರಡನ್ನೂ ಇಟ್ಟು, ಅಷ್ಟೂ ಜೋಡಿ ತೆಗೆದೆ. ನಂತರ ಬಂದವರು ಕಂಡುಕೊಂಡಂತೆ ಕಡಿಮೆ ಡೋಸಿನಲ್ಲಿ 5-ಎಚ್‌ಟಿ4 ಅನ್ನುವ ಮೂರನೆಯದೂ ಕೈ ಹಾಕುತ್ತದೆ. ಅದನ್ನು ಬೇರೆ ಮಾಡಲು ನನ್ನ ಬಳಿ ಔಷಧಿ ಇರಲಿಲ್ಲ, ಹಾಗೇ ಬಿಟ್ಟೆ.

ಕೀಮೋ ರೋಗಿಗಳಿಗೆ ವಾಂತಿ ನಿಲ್ಲಲು ಒಂಡಾನ್ಸೆಟ್ರಾನ್ ಕೊಟ್ಟಾಗ ಎಷ್ಟೋ ಜನರಿಗೆ ಮಲ ಕಟ್ಟುತ್ತದೆ. ಯಾಕೆ ಅಂತ ಈಗ ಡ್ರಮ್ಮಿನ ಕಾಗದದ ಮೇಲೇ ತೋರಿಸಬಹುದಿತ್ತು. ಇದೇ ಜಾತಿಯ ಅಲೊಸೆಟ್ರಾನ್ ಅನ್ನು ಭೇದಿ ಹೆಚ್ಚಿರುವ ಐಬಿಎಸ್‌ಗೆ, ಅಂದರೆ ಕರುಳು ಪದೇಪದೇ ಕೆರಳುವ ತೊಂದರೆಗೆ ಅಂತ ಅಮೆರಿಕದಲ್ಲಿ 2000ರ ಫೆಬ್ರವರಿಯಲ್ಲಿ ಬಿಟ್ಟರು. ಕೆಲವರಿಗೆ ಮಲ ವಿಪರೀತ ಕಟ್ಟಿತು, ಕೆಲವರಿಗೆ ದೊಡ್ಡಕರುಳಿಗೆ ರಕ್ತ ಸಾಲದೆ ಹುಣ್ಣಾಯಿತು. ಅದೇ ವರ್ಷ ನವೆಂಬರಿನಲ್ಲಿ ವಾಪಸ್ ತೆಗೆದರು. ರೋಗಿಗಳೇ ಬೇಕು ಅಂತ ಕೇಳಿದ ಮೇಲೆ 2002ರಲ್ಲಿ ಬಿಗಿ ಷರತ್ತುಗಳೊಂದಿಗೆ ಮತ್ತೆ ಬಂತು.

ಇಷ್ಟಾದರೂ ಗೈಡ್ ಕೇಳಿದ ಪ್ರಶ್ನೆಯ ಅರ್ಧವೂ ಮುಗಿದಿರಲಿಲ್ಲ. ಲಿವರ್ ಮೇಲೆದ್ದರೆ ಸ್ನಾಯು ಎಳೆಯಿತು ಅಂತ ಗೊತ್ತಾಗುತ್ತದೆ. ಆಗ ಒಳಪದರ ಎಷ್ಟು ನೀರು ಬಿಟ್ಟಿತು? ಆರ್ಗನ್ ಬಾತ್ ಅದನ್ನು ಹೇಳಲಾರದು. ಅದಕ್ಕೆ ಅಸ್ಸಿಂಗ್ ಚೇಂಬರ್ ಬೇಕು. ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಬೇರೊಂದು ಸಂಶೋಧನಾ ಸಂಸ್ಥೆಯಲ್ಲಿ ಗೈಡ್‌ಗೆ ಪರಿಚಯದವರಿದ್ದರು, ಅಲ್ಲಿಗೆ ಕಳಿಸಿದರು. ಹೊರಡುವ ಮೊದಲು ಉಳಿದ ಗಿನಿಪಿಗ್ ಅಂಗಾಂಶದಲ್ಲಿ ಒಂದು ಕೆಲಸ ಮುಗಿಸಿಕೊಂಡೆ. ದೊಡ್ಡಕರುಳಿನ ಶುರುವಿನ ಚೀಲದ ಮೇಲೆ ಪಟ್ಟಿಯಂಥ ಸ್ನಾಯು ಇದೆ, ಟೀನಿಯಾ. ಅದು ತಾನಾಗೇ ಸ್ವಲ್ಪ ಬಿಗಿದುಕೊಂಡಿರುತ್ತದೆ. ಹಾಗಾಗಿ ಸಡಿಲ ಮಾಡುವ ಹಾರ್ಮೋನ್ ನೋಡಲು ಒಳ್ಳೆಯದು. ಅದಕ್ಕೆ ವಿಐಪಿ ಹಾಕಿದೆ.

ವಾಸೋಆಕ್ಟಿವ್ ಇಂಟೆಸ್ಟೈನಲ್ ಪೆಪ್ಟೈಡ್. 1970ರಲ್ಲಿ ಸಾಮಿ ಸಯೀದ್ ಮತ್ತು ವಿಕ್ಟರ್ ಮುಟ್ ಹಂದಿಯ ಕರುಳಿನಿಂದ ಬೇರ್ಪಡಿಸಿದರು. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಕಂಡುಹಿಡಿದ ಸೀಕ್ರೆಟಿನ್‌ನ ಕುಟುಂಬದ್ದೇ. ಇದು ಹೆಚ್ಚಾಗಿ ಇರುವುದು ಕರುಳಿನ ನರಗಳಲ್ಲಿ. ಮೈಕ್ರೊಗ್ರಾಂ ಲೆಕ್ಕದಲ್ಲಿ ಬರುತ್ತದೆ, ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಗಾಜಿಗೆ ಅಂಟಿಕೊಂಡುಬಿಡುತ್ತದೆ ಅಂತ ಅಲ್ಬುಮಿನ್ ಬೆರೆಸಿ, ಪುಟ್ಟ ಪ್ಲಾಸ್ಟಿಕ್ ಟ್ಯೂಬುಗಳಲ್ಲಿ ಹಂಚಿ ಫ್ರೀಜರಿನಲ್ಲಿ ಇಟ್ಟಿದ್ದೆ. ಫ್ರೀಜರಿನ ಬಾಗಿಲಿಗೆ ಯಾರೋ "ವಿಐಪಿ ಒಳಗಿದ್ದಾರೆ, ಮೆಲ್ಲಗೆ ತೆರೆಯಿರಿ" ಅಂತ ಚೀಟಿ ಅಂಟಿಸಿದ್ದರು. ಟೀನಿಯಾಗೆ ಹಾಕಿದಾಗ ಅಸಿಟೈಲ್‌ಕೋಲಿನ್ ತರ ಸಟಕ್ಕನೆ ಏನೂ ಆಗಲಿಲ್ಲ. ಗೆರೆ ನಿಧಾನಕ್ಕೆ, ನಿಮಿಷಗಟ್ಟಲೆ, ಕೆಳಗಿಳಿಯುತ್ತ ಹೋಯಿತು. ಸ್ನಾಯು ಮೈ ಸಡಿಲ ಬಿಟ್ಟಿತು.

ಅಸ್ಸಿಂಗ್ ಚೇಂಬರ್ ಕೋಪನ್‌ಹೇಗನ್ನಿನ ಹಾನ್ಸ್ ಅಸ್ಸಿಂಗ್ ಅವರದ್ದು, 1951ರ ಸುಮಾರಿಗೆ ಕಪ್ಪೆಯ ಚರ್ಮ ಅಳೆಯಲು ಮಾಡಿದ್ದು. ಎರಡು ಅರ್ಧ ಡಬ್ಬಿಗಳ ನಡುವೆ ಕರುಳಿನ ಹಾಳೆ ಸಿಕ್ಕಿಸಬೇಕು. ಒಂದು ಬದಿ ಊಟ ಹಾದುಹೋಗುವ ಬದಿ, ಇನ್ನೊಂದು ರಕ್ತದ ಬದಿ. ಅಲ್ಲಿ ಇಲಿಯ ಸಣ್ಣಕರುಳು ಬಳಸುತ್ತಿದ್ದರು. ಕೊಳವೆಯನ್ನು ಉದ್ದಕ್ಕೆ ಸೀಳಿ, ಒಳಮೈ ಕೆಳಗಾಗಿ ಪಿನ್ ಹೊಡೆದು, ಬೆನ್ನಿನ ಮೇಲಿನ ಸ್ನಾಯುಪದರವನ್ನು ಚಿಮುಟದಿಂದ ಸುಲಿಯಬೇಕು. ಸ್ನಾಯು ಅಲುಗಿದರೆ ಅಳತೆ ಕೆಡುತ್ತದೆ. ಬ್ಲೇಡಿನ ತುದಿಯಿಂದ ಗೀರು ಹಾಕಿ ಅಂಚು ಎತ್ತಿಕೊಂಡರೆ ತೆಳ್ಳನೆಯ ಪೊರೆ ಎದ್ದು ಬರುತ್ತದೆ. ಒಂದು ಕೂದಲಷ್ಟು ಆಳ ಹೋದರೆ ಹಾಳೆಯಲ್ಲಿ ತೂತು. ಅಲ್ಲಿನ ಹಿರಿಯ ಟೆಕ್ನಿಷಿಯನ್ ಒಬ್ಬರು ಕನ್ನಡಕ ಹಣೆಗೇರಿಸಿಕೊಂಡು, ಮಾತಾಡುತ್ತಲೇ ಸುಲಿದು ಕೊಡುತ್ತಿದ್ದರು. ಪೇಯರ್ಸ್ ಪ್ಯಾಚ್ ಇರುವ ಉಬ್ಬು ಜಾಗ ಬಿಟ್ಟು ತುಂಡು ಆರಿಸುವುದನ್ನು ನಾನು ಅವರ ಬೆರಳು ನೋಡಿಯೇ ಕಲಿತೆ.

ಇಲ್ಲಿ ಅಳೆಯುವುದು ಕರೆಂಟು, ಚದರ ಸೆಂಟಿಮೀಟರಿಗೆ ಮೈಕ್ರೊಆಂಪಿಯರ್ ಲೆಕ್ಕದಲ್ಲಿ. ಕೋಶದಿಂದ ಕ್ಲೋರೈಡ್ ಹೊರಬಿದ್ದರೆ ಕರೆಂಟು ಏರುತ್ತದೆ. ಕ್ಲೋರೈಡ್ ಹಿಂದೆ ಸೋಡಿಯಂ, ಸೋಡಿಯಂ ಹಿಂದೆ ನೀರು. ನೀರನ್ನು ಕಣ್ಣಲ್ಲಿ ಕಾಣುವುದಿಲ್ಲ, ಅದರ ಸುಳಿವು ಕಾಣುತ್ತದೆ.

ವಿಐಪಿಯನ್ನು ಮೊದಲು ಊಟದ ಬದಿಗೆ ಹಾಕಲು ಹೇಳಿದರು. ಹಾಕಿದೆ. ಗೆರೆ ನೆಟ್ಟಗೆ ಹೋಗುತ್ತಲೇ ಇತ್ತು. ಆಮೇಲೆ ಅಷ್ಟೇ ಪ್ರಮಾಣ ರಕ್ತದ ಬದಿಗೆ. ಕೆಲವೇ ನಿಮಿಷದಲ್ಲಿ ಕರೆಂಟು ಮೆಟ್ಟಿಲು ಹತ್ತಿದಂತೆ ಏರಿ ಮೇಲೆ ನಿಂತುಬಿಟ್ಟಿತು, ಇಳಿಯಲೇ ಇಲ್ಲ. ರಿಸೆಪ್ಟರ್ ಇರುವುದು ಕೋಶದ ರಕ್ತದ ಬದಿಯ ಮೈಮೇಲೆ. ಕ್ಲೋರೈಡ್ ಹೊರಬೀಳುವ ಕಿಂಡಿ ಊಟದ ಬದಿಯಲ್ಲಿ. ಅಪ್ಪಣೆ ಬೆನ್ನ ಕಡೆಯಿಂದ, ನೀರು ಮುಖದ ಕಡೆಯಿಂದ. ನಡುವೆ ಸುದ್ದಿ ಒಯ್ಯುವುದು ಸೈಕ್ಲಿಕ್ ಎಎಂಪಿ, ಕಿಂಡಿಯ ಹೆಸರು ಸಿಎಫ್‌ಟಿಆರ್. ರಕ್ತದ ಬದಿಯಿಂದ ಕೋಶದೊಳಕ್ಕೆ ಕ್ಲೋರೈಡ್ ತರುವ ಸಾಗಣೆಯನ್ನು ಬ್ಯುಮೆಟನೈಡ್ ತಡೆಯುತ್ತದೆ. ಅದನ್ನು ಹಾಕಿದಾಗ ಏರಿದ ಕರೆಂಟು ಕುಸಿಯಿತು. ಕಾರ್ಬಕಾಲ್, ಅಂದರೆ ಬೇಗ ಒಡೆಯದ ಅಸಿಟೈಲ್‌ಕೋಲಿನ್ ತರದ್ದು, ಹಾಕಿದಾಗ ಬೇರೆ ಆಕಾರ ಬಂತು. ಚೂಪಾಗಿ ಏರಿ, ಸ್ವಲ್ಪ ಹೊತ್ತಿನಲ್ಲೇ ಇಳಿಯಿತು. ಇದು ಕ್ಯಾಲ್ಸಿಯಂ ದಾರಿ. ನನ್ನ ಇಲಿಯಮ್ ಸ್ನಾಯುವನ್ನು ಎಳೆದದ್ದೂ ಕ್ಯಾಲ್ಸಿಯಂ ದಾರಿಯೇ, ಎಂ3 ರಿಸೆಪ್ಟರೇ. ಅಸಿಟೈಲ್‌ಕೋಲಿನ್ ಸ್ನಾಯುವನ್ನೂ ಎಳೆಸುತ್ತದೆ, ನೀರನ್ನೂ ಬಿಡಿಸುತ್ತದೆ. ವಿಐಪಿ ಹಾಗಲ್ಲ. ಸ್ನಾಯುವಿನಲ್ಲಿ ಸೈಕ್ಲಿಕ್ ಎಎಂಪಿ ಏರಿದರೆ ಸಡಿಲ, ಒಳಪದರದಲ್ಲಿ ಅದೇ ಏರಿದರೆ ನೀರು. ಅದೇ ಹಾರ್ಮೋನ್ ಪಂಪು ಆರಿಸಿ ನಲ್ಲಿ ತೆರೆದಿಟ್ಟ ಹಾಗೆ.

ಕಾಲರಾ ಹಿಡಿಯುವುದೂ ಈ ಸೈಕ್ಲಿಕ್ ಎಎಂಪಿ ದಾರಿಯನ್ನೇ. ಕಾಲರಾದ ವಿಷ ಹಾರ್ಮೋನ್ ರಿಸೆಪ್ಟರಿನ ಗೊಡವೆಗೆ ಹೋಗುವುದಿಲ್ಲ. ಅದರ ಕೆಳಗಿನ ಸ್ವಿಚ್ಚನ್ನು ಹಿಡಿದು ಬಿಡದಂತೆ ಒತ್ತಿಡುತ್ತದೆ. ರೋಗಾಣು ಅಲ್ಲ, ಅದು ಬಿಡುವ ವಿಷವೇ ಕರುಳಿನಲ್ಲಿ ನೀರು ತುಂಬಿಸುತ್ತದೆ ಅಂತ ಕಲ್ಕತ್ತಾದ ಶಂಭುನಾಥ ಡೇ 1959ರಲ್ಲಿ ಮೊಲದ ಕರುಳಿನಲ್ಲಿ ತೋರಿಸಿದರು. ಪ್ರಯೋಗದ ಕೊನೆಗೆ ತುಂಡು ಇನ್ನೂ ಬದುಕಿದೆಯಾ ಅಂತ ನೋಡಲು ಊಟದ ಬದಿಗೆ ಗ್ಲೂಕೋಸ್ ಹಾಕುತ್ತಾರೆ. ಅದಕ್ಕೇ ಶುರುವಿನಲ್ಲಿ ಆ ಬದಿಗೆ ಗ್ಲೂಕೋಸ್ ಬದಲು ಕರುಳು ಹೀಗೆ ಹೀರದ ಮ್ಯಾನಿಟಾಲ್ ಇಟ್ಟಿರುತ್ತಾರೆ. ವಿಐಪಿ ಹಾಕಿ ಸೋತ ಹಾಳೆಯಲ್ಲೂ ಗ್ಲೂಕೋಸ್ ಬಿದ್ದ ತಕ್ಷಣ ಕರೆಂಟು ಮತ್ತೊಂದು ಮೆಟ್ಟಿಲು ಏರಿತು. ಈ ಏರಿಕೆ ನೀರು ಬಿಟ್ಟದ್ದಲ್ಲ. ಗ್ಲೂಕೋಸ್ ಜೊತೆ ಸೋಡಿಯಂ ಒಳಗೆ ಬಂದದ್ದು. ಗ್ರಾಫಿನಲ್ಲಿ ಎರಡೂ ಏರಿಕೆಯಾಗೇ ಕಾಣುತ್ತವೆ, ಅದು ಈ ಯಂತ್ರದ ತಂಟೆ. ಆದರೆ ಹೀರುವ ಬಾಗಿಲನ್ನು ವಿಐಪಿ ಮುಚ್ಚಿಲ್ಲ, ಕಾಲರಾವೂ ಮುಚ್ಚುವುದಿಲ್ಲ. ಓಆರ್‌ಎಸ್ ನಿಂತಿರುವುದು ಇದರ ಮೇಲೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ದಿಲೀಪ್ ಮಹಾಲನಬಿಸ್ ಉಪ್ಪು ಸಕ್ಕರೆ ನೀರು ಕುಡಿಸಿ ಜನರನ್ನು ಉಳಿಸಿದ್ದೂ ಇದರ ಮೇಲೆಯೇ. ಪ್ಯಾಕೆಟ್ಟಿನ ಹಿಂದೆ ನೋಡಿ, ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. ಕಣಗಳ ಲೆಕ್ಕದಲ್ಲಿ ಸೋಡಿಯಂ 75, ಗ್ಲೂಕೋಸ್ 75, ಸರಿಸಮ.

ವಾಪಸ್ ಬಂದ ಮೇಲೆ ಇಡೀ ಪ್ರಾಣಿಯಲ್ಲಿ ನೋಡುವುದೊಂದು ಉಳಿದಿತ್ತು. ಇಲಿಗೆ ಹರಳೆಣ್ಣೆ ಕುಡಿಸುವುದು. ನಮ್ಮ ಮನೆಗಳಲ್ಲಿ ಹೊಟ್ಟೆ ತೊಳೆಯಲಿ ಅಂತ ಮಕ್ಕಳ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಎಣ್ಣೆ. ಕರುಳಿನಲ್ಲಿ ಅದು ಒಡೆದು ರಿಸಿನೊಲಿಯಿಕ್ ಆಮ್ಲವಾಗುತ್ತದೆ. ಕರುಳಿಗೆ ಉರಿ ಹತ್ತಿಸಿ ಕೆಲಸ ಮಾಡುತ್ತದೆ ಅಂತಷ್ಟೇ ಬಹಳ ಕಾಲ ಬರೆಯುತ್ತಿದ್ದರು. 2012ರಲ್ಲಿ ಜರ್ಮನಿಯ ಒಂದು ತಂಡ, ಅದು ಇಪಿ3 ಅನ್ನುವ ಪ್ರೊಸ್ಟಗ್ಲಾಂಡಿನ್ ರಿಸೆಪ್ಟರಿಗೆ ಕೂತು ಸ್ನಾಯುವನ್ನು ಕೆಣಕುತ್ತದೆ ಅಂತ ತೋರಿಸಿತು. ಆ ರಿಸೆಪ್ಟರ್ ಇಲ್ಲದ ಸುಂಡಿಲಿಗಳಿಗೆ ಹರಳೆಣ್ಣೆ ಕುಡಿಸಿದರೆ ಭೇದಿಯಾಗಲಿಲ್ಲ. ಗರ್ಭಕೋಶದಲ್ಲೂ ಅದೇ ರಿಸೆಪ್ಟರ್. ಬಸುರಿಯರಿಗೆ ಹರಳೆಣ್ಣೆ ಬೇಡ ಅನ್ನುವ ಅಜ್ಜಿಯರ ಮಾತಿಗೆ ಅಲ್ಲಿ ಕಾರಣವಿದೆ. ಇಲಿಗಳ ಕೆಲಸ ಬರೆಯಲು ಹೆಚ್ಚೇನಿಲ್ಲ. ಬಿಳಿ ಕಾಗದ ಹಾಸಿದ ಪಂಜರ, ಕಲೆ ಎಣಿಸುವುದು, ವಾಸನೆ.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಥೀಸಿಸ್ ಪುಟ ತಿರುಗಿಸಿ ನೇರವಾಗಿ ಟೀನಿಯಾ ಗ್ರಾಫಿನ ಮೇಲೆ ಬೆರಳಿಟ್ಟರು. "ವಿಐಪಿ ಸ್ನಾಯು ಸಡಿಲ ಮಾಡುತ್ತೆ ಅಂತೀರಿ. ಹಾಗಾದ್ರೆ ವಿಐಪಿ ಜಾಸ್ತಿ ಬಿಡೋ ಗಡ್ಡೆ ಇರೋ ರೋಗಿಗೆ ಮಲ ಕಟ್ಟಬೇಕಲ್ವಾ?"

1958ರಲ್ಲಿ ವರ್ನರ್ ಮತ್ತು ಮಾರಿಸನ್ ವರ್ಣಿಸಿದ ಕಾಯಿಲೆ ಅದು, ವಿಐಪಿ ಯಾವುದು ಅಂತ ಗೊತ್ತಾಗುವುದಕ್ಕೂ ಮುಂಚೆ. ಹೆಚ್ಚಾಗಿ ಮೇದೋಜೀರಕದಲ್ಲಿ ಗಡ್ಡೆ. ದಿನಕ್ಕೆ 3 ಲೀಟರಿಗೂ ಹೆಚ್ಚು ನೀರು ಹೋಗುವುದು ಸಾಮಾನ್ಯ. ಉಪವಾಸ ಇದ್ದರೂ ನಿಲ್ಲುವುದಿಲ್ಲ, ಪೊಟ್ಯಾಸಿಯಂ ಸೋರಿ ಕೈಕಾಲು ಸೋಲುತ್ತವೆ. ನಾನು ಅದನ್ನೇ ಹೇಳಿದೆ. ಇಷ್ಟು ನೀರು ಬಂದ ಮೇಲೆ ಸ್ನಾಯು ನೂಕಬೇಕಾಗಿಯೇ ಇಲ್ಲ, ಅದು ತಾನೇ ಇಳಿದು ಹೋಗುತ್ತದೆ ಸರ್, ಅಂದೆ.

"ಲೋಪೆರಮೈಡ್ ಕೊಡ್ತೀರಾ?"

ಭೇದಿ ನಿಲ್ಲಿಸಲು ಕೊಡುವ ಲೋಪೆರಮೈಡ್ ಕೂರುವುದು ಕರುಳಿನ ನರಗಳ ಮೇಲಿನ ಮ್ಯು ಓಪಿಯಾಯ್ಡ್ ರಿಸೆಪ್ಟರಿಗೆ. ನರ ಅಸಿಟೈಲ್‌ಕೋಲಿನ್ ಬಿಡುವುದನ್ನು ಕಡಿಮೆ ಮಾಡುತ್ತದೆ, ನೂಕುವುದು ನಿಧಾನವಾಗುತ್ತದೆ. ಇಲ್ಲಿ ನೂಕುವುದೇ ಮುಖ್ಯ ಅಲ್ಲವಲ್ಲ. ಮಕ್ಕಳಿಗೆ ಪುಡಿ ಪೊಟ್ಟಣದಲ್ಲಿ ಬರುವ ರೇಸಿಕಾಡೊಟ್ರಿಲ್ ಇದಕ್ಕೆ ಉಲ್ಟಾ. ಅದು ದೇಹದ್ದೇ ಎನ್ಕೆಫಾಲಿನ್ ಒಡೆಯದಂತೆ ಕಾಯುತ್ತದೆ. ಎನ್ಕೆಫಾಲಿನ್ ಡೆಲ್ಟಾ ರಿಸೆಪ್ಟರಿಗೆ ಕೂತು ಒಳಪದರದ ಸೈಕ್ಲಿಕ್ ಎಎಂಪಿ ಇಳಿಸುತ್ತದೆ. ಕರುಳಿನ ಓಟ ಹಾಗೇ ಇರುತ್ತದೆ, ನೀರು ಕಡಿಮೆಯಾಗುತ್ತದೆ. ಆದರೆ ಗಡ್ಡೆಯ ರೋಗಿಗೆ ಕೊಡುವುದು ಆಕ್ಟ್ರಿಯೊಟೈಡ್. ಅದು ಸೊಮಾಟೊಸ್ಟಾಟಿನ್ ರಿಸೆಪ್ಟರಿಗೆ ಕೂರುತ್ತದೆ. ಆ ರಿಸೆಪ್ಟರ್ ಗಡ್ಡೆಯ ಮೇಲೂ ಇದೆ, ಕರುಳಿನಲ್ಲೂ ಇದೆ. ಗಡ್ಡೆ ವಿಐಪಿ ಬಿಡುವುದನ್ನೇ ತಗ್ಗಿಸುತ್ತದೆ, ಬಿಟ್ಟದ್ದರ ಕೆಲಸವನ್ನೂ ತಗ್ಗಿಸುತ್ತದೆ. ಇಷ್ಟನ್ನು ಬೋರ್ಡಿನ ಮೇಲೆ ಎರಡು ಚಿತ್ರ ಬರೆದು ಹೇಳಿದೆ, ಒಂದು ಸ್ನಾಯುವಿನ ಕೋಶ, ಒಂದು ಒಳಪದರದ ಕೋಶ.

ಅವರು ಒಳಪದರದ ಚಿತ್ರವನ್ನೇ ಸ್ವಲ್ಪ ಹೊತ್ತು ನೋಡಿದರು. ನಾನು ರಿಸೆಪ್ಟರನ್ನು ಯಾವ ಬದಿಗೆ ಬರೆದಿದ್ದೇನೆ ಅಂತ ನೋಡುತ್ತಿದ್ದರು ಅನ್ನಿಸುತ್ತದೆ. ರಕ್ತದ ಬದಿಗೇ ಬರೆದಿದ್ದೆ. ಆಮೇಲೆ ಪುಟ ತಿರುಗಿಸಿ, ಈ ಗ್ರಾಫಿಗೆ ಟಿ-ಟೆಸ್ಟ್ ಯಾಕೆ, ಅನೋವಾ ಯಾಕಿಲ್ಲ ಅಂತ ಕೇಳಿದರು. ಉಳಿದ ಹೊತ್ತೆಲ್ಲ ಆ ಅಂಕಿಅಂಶದ ಲೆಕ್ಕದಲ್ಲೇ ಹೋಯಿತು.